ತಳದ ತಂತಿ

ನಮ್ಮ ಗಡಿಭಾಗದಲ್ಲಿ ‘ಬೇಸ್’ ಎಂಬ ಶಬ್ದವು ಈಗ ಒಂದನೆಯ ಇಯತ್ತೆಯ ಮಕ್ಕಳಿಗೂ ಪರಿಚಿತವಾಗಿದೆ. ಮೆರವಣಿಗೆಯಲ್ಲಿ ‘ಡಾಲ್ಬಿ’ ಬಂದಿತೆಂದರೆ ಕಿಟಕಿಯ ಗಾಜು ನಡುಗುತ್ತದೆ, ಕಂಕುಳಲ್ಲಿದ್ದ ಕೂಸು ಬೆಚ್ಚಿ ಅಳುತ್ತದೆ, ಹಿರಿಯರು ಎದೆಯ ಮೇಲೆ ಕೈಯಿಟ್ಟುಕೊಂಡು ಒಳಮನೆಗೆ ಸರಿಯುತ್ತಾರೆ. ಇದೇ ಬೇಸ್ ಎಂದು ಮಕ್ಕಳು ತಿಳಿದಿದ್ದಾರೆ. ಎಷ್ಟು ಹೆಚ್ಚು ಬಡಿದರೆ ಅಷ್ಟು ಒಳ್ಳೆಯದು ಎಂಬ ಭಾವನೆಯೂ ಅವರಲ್ಲಿ ಬೆಳೆದಿದೆ. ಆದರೆ ಸಂಗೀತದಲ್ಲಿ ತಳದ ಸ್ವರದ ಕೆಲಸ ಬಡಿಯುವುದಲ್ಲ, ಹೊರುವುದು. ಆ ಹೊರುವ ಕೆಲಸವನ್ನು ಮುಂಬಯಿಯಲ್ಲಿ ಮಾಡಿ, ಹೆಸರಿಲ್ಲದೆ ಉಳಿದು, ಮುಪ್ಪಿನಲ್ಲಿ ಪರದೇಶದವರಿಂದ ಗುರುತಿಸಲ್ಪಟ್ಟ ಒಬ್ಬ ವಾದಕನ ವಿಷಯವನ್ನು, ಮತ್ತು ಆತನ ಸಂಗೀತವು ನಮ್ಮ ಮನೆಯ ಒಬ್ಬ ಹಿರಿಯರ ಬಳಿಗೆ ಹೋದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಾದ್ಯದ ಪರಿಚಯವಾಗಲಿ. ನಮಗೆ ತಂಬೂರಿ ಗೊತ್ತು. ಮಿರಜದಲ್ಲಿ ಅದನ್ನು ಕಟ್ಟುವ ಮನೆತನಗಳು ತಲೆಮಾರುಗಳಿಂದ ಇವೆ. ಪಂಢರಪುರದ ಸೀಮೆಯಲ್ಲಿ ಬೆಳೆಯುವ ದೊಡ್ಡ ಕುಂಬಳದಂಥ ಸೋರೆಬುರುಡೆಯೇ ಅದರ ಹೊಟ್ಟೆ. ನಾಲ್ಕು ತಂತಿಗಳಲ್ಲಿ ಕೊನೆಯದು ಎಲ್ಲಕ್ಕಿಂತ ದಪ್ಪ. ಅದಕ್ಕೆ ‘ಖರ್ಜ’ ಎನ್ನುತ್ತೇವೆ. ಗಾಯಕನು ಎಲ್ಲೆಲ್ಲಿ ಅಲೆದರೂ ಮನೆಗೆ ಮರಳಬೇಕಾದದ್ದು ಆ ಸ್ವರಕ್ಕೇ. ತತ್ತ್ವಪದ ಹಾಡುವವರ ಏಕತಾರಿಯಲ್ಲಂತೂ ಇರುವುದೇ ಒಂದು ತಂತಿ. ತಬಲಾ ಜೋಡಿಯಲ್ಲಿ ಡಗ್ಗಾ ಇಲ್ಲದಿದ್ದರೆ ಬಲಗೈಯ ಬೋಲುಗಳೆಲ್ಲ ನೀರಿಲ್ಲದ ಮೀನಿನಂತೆ ಒದ್ದಾಡುತ್ತವೆ. ಪಾಶ್ಚಾತ್ಯ ವಾದ್ಯಮೇಳದಲ್ಲಿ ಈ ಸ್ಥಾನ ಆಳೆತ್ತರದ ಪಿಟೀಲಿನಂತಿರುವ ಡಬಲ್ ಬೇಸ್‌ನದಾಗಿತ್ತು. ಅದನ್ನು ಹೊತ್ತು ತಿರುಗುವುದೇ ಒಂದು ಶಿಕ್ಷೆ. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಎಂಬಾತ, ಕೊರಳಿಗೆ ತೂಗುಹಾಕಿಕೊಂಡು ನುಡಿಸಬಹುದಾದ ನಾಲ್ಕು ತಂತಿಗಳ ವಿದ್ಯುತ್ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದ. ಸ್ವರಸ್ಥಾನಕ್ಕೆ ಪಟ್ಟಿಗಳಿದ್ದುದರಿಂದ ಬೆರಳು ತಪ್ಪುವ ಭಯ ಕಡಿಮೆಯಾಯಿತು. ಅದಕ್ಕೆಂದೇ ಆತ ಅದನ್ನು ‘ಪ್ರಿಸಿಷನ್’ ಎಂದು ಕರೆದ. ಅರುವತ್ತರ ದಶಕದ ಕೊನೆಗೆ ರಾಕ್ ಸಂಗೀತವೆಂಬುದು ಈ ವಾದ್ಯವಿಲ್ಲದೆ ಇಲ್ಲ ಎಂಬಂತಾಯಿತು. ಎಪ್ಪತ್ತರ ಮೊದಲ ವರ್ಷಗಳಲ್ಲಿ ಅದು ಮುಂಬಯಿಯ ಚಿತ್ರಗೀತೆಗಳಲ್ಲಿಯೂ ತಳವೂರಿತು.

ನನಗೆ ಇದೆಲ್ಲ ತಿಳಿದುಬಂದದ್ದು ಒಂಬತ್ತನೆಯ ಇಯತ್ತೆಯಲ್ಲಿ ಓದುವ ಮಗಳಿಂದ. ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಇವರ ಧ್ವನಿಗಳಲ್ಲಿ ಬೆಳೆದ ಕಿವಿ ನನ್ನದು. ಒಂದು ಸಂಜೆ ಆಕೆ ಮೊಬೈಲಿನಲ್ಲಿ ಒಂದು ಪಟ್ಟಿಯನ್ನು ತೋರಿಸಿದಳು: ಮಧುವಂತಿ, ಮೇಘಮಲ್ಹಾರ, ಯಮನ, ಕಲಾವತಿ, ಮಾಲಕಂಸ, ಭೈರವ, ಲಲಿತ, ಭೂಪಾಲಿ, ತೋಡಿ, ಬೈರಾಗಿ. ಹತ್ತು ರಾಗಗಳು, ಎಲ್ಲವೂ ನಮ್ಮ ಮನೆಯ ಹೆಸರುಗಳೇ. ಒತ್ತಿದಾಗ ಕೇಳಿಬಂದದ್ದು ಮಾತ್ರ ಬೇರೆ. ತಬಲಾ ಇಲ್ಲ, ತಂಬೂರಿ ಇಲ್ಲ. ಗಡಿಯಾರದಂತೆ ತಪ್ಪದೆ ಬೀಳುವ ಯಂತ್ರದ ತಾಳ, ಅದರ ಕೆಳಗೆ ಗುಳುಗುಳು ಎಂದು ಹರಿಯುವ ತಳದ ಸ್ವರಗಳ ಓಟ, ಅದರ ಮೇಲೆ ರಾಗದ ಶುದ್ಧವಾದ ಚಲನೆ. ನನಗೆ ಇಷ್ಟವಾಯಿತೆಂದು ಹೇಳಲಾರೆ. ಆದರೆ ಯಮನದ ತೀವ್ರ ಮಧ್ಯಮವನ್ನು ಆತ ತಲುಪಿದ ರೀತಿಯಿಂದ, ಇದು ರಾಗವನ್ನು ಬಲ್ಲವನ ಕೈ ಎಂಬುದು ಸ್ಪಷ್ಟವಾಯಿತು.

ಆ ಕೈ ಚರಣಜಿತ್ ಸಿಂಗ್ ಅವರದು. ಮುಂಬಯಿಯ ಸ್ಟುಡಿಯೋಗಳಲ್ಲಿ ಬೇಸ್ ಗಿಟಾರ್ ಹಾಗೂ ಬಗೆಬಗೆಯ ವಿದ್ಯುತ್ ವಾದ್ಯಗಳನ್ನು ನುಡಿಸಿ ಬದುಕಿದವರು. 1971ರ ‘ಹರೇ ರಾಮ ಹರೇ ಕೃಷ್ಣ’ ಚಿತ್ರದಲ್ಲಿ ಆಶಾ ಭೋಸಲೆಯವರು ಹಾಡಿದ ‘ದಮ್ ಮಾರೋ ದಮ್’ ಗೀತೆಯನ್ನು ಕೇಳದವರು ಯಾರು? ಅದರಲ್ಲಿ ಭೂಪಿಂದರ್ ಸಿಂಗ್ ಅವರ ಗಿಟಾರಿನ ಜೊತೆಗೆ ಮೊರೆಯುವ ಆ ವಿಚಿತ್ರ ನಾದ ಟ್ರಾನ್ಸಿಕಾರ್ಡ್ ಎಂಬ, ಅಕಾರ್ಡಿಯನ್ ರೂಪದ ವಿದ್ಯುತ್ ವಾದ್ಯದ್ದು, ನುಡಿಸಿದವರು ಚರಣಜಿತ್. ರಾಹುಲದೇವ ಬರ್ಮನ್ ಅವರ ಮೇಳದಲ್ಲಿ ಬೇಸ್ ಗಿಟಾರಿಗೆ ಹೆಸರಾದ ಇನ್ನೊಬ್ಬರು ಟೋನಿ ವಾಝ್. ಹೆಸರಾದವರೆಂದರೆ ಬಲ್ಲವರ ನಡುವೆ ಮಾತ್ರ. ಅಂದು ರೆಕಾರ್ಡಿನ ತಟ್ಟೆಯ ಮೇಲೆ ಗಾಯಕರ ಹೆಸರಿತ್ತು, ಕವಿಯ ಹೆಸರಿತ್ತು, ಸಂಗೀತ ನಿರ್ದೇಶಕರ ಹೆಸರಿತ್ತು. ಬುಧವಾರ ರಾತ್ರಿ ಬಿನಾಕಾ ಗೀತಮಾಲಾದಲ್ಲಿ ಅಮೀನ್ ಸಯಾನಿಯವರು ಹೇಳುತ್ತಿದ್ದುದೂ ಅವೇ ಹೆಸರುಗಳನ್ನು. ತಾರದೇವದ ಫಿಲ್ಮ್ ಸೆಂಟರ್‌ನಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಹಾಡಿಗಾಗಿ ಕುಳಿತೆದ್ದ ಹತ್ತಾರು ವಾದಕರು ದಿನದ ಹಣ ಪಡೆದು ಲೋಕಲ್ ಹಿಡಿದು ಮನೆಗೆ ಹೋಗುತ್ತಿದ್ದರು.

ಇದು ಮುಂಬಯಿಯೊಂದರ ಕತೆಯಲ್ಲ. ಅಮೆರಿಕದ ಡೆಟ್ರಾಯಿಟ್ ನಗರದ ಮೋಟೌನ್ ಸಂಸ್ಥೆಯ ನೂರಾರು ಜನಪ್ರಿಯ ಗೀತೆಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಎಂಬ ಮಹಾನುಭಾವನ ಹೆಸರು ಆ ಸಂಸ್ಥೆಯ ತಟ್ಟೆಯೊಂದರ ಹೊದಿಕೆಯ ಮೇಲೆ ಅಚ್ಚಾಗಲು 1971 ಬರಬೇಕಾಯಿತು. ಅಷ್ಟರಲ್ಲಿ ಜಗತ್ತಿನ ಅರ್ಧ ಬೇಸ್ ವಾದಕರು, ಆತ ಯಾರೆಂದು ತಿಳಿಯದೆಯೇ, ಆತನಂತೆ ನುಡಿಸಲು ಕಲಿತಿದ್ದರು.

ಹೆಸರಿಲ್ಲದಿರುವುದು ಒಂದು, ನಮ್ಮ ಮನೆಗಳಲ್ಲಿ ಆ ವಾದ್ಯದ ಧ್ವನಿಯೂ ಪೂರ್ತಿಯಾಗಿ ತಲುಪಿರಲಿಲ್ಲ ಎಂಬುದು ಇನ್ನೊಂದು. ಬೇಸ್ ಗಿಟಾರಿನ ದಪ್ಪ ತಂತಿಯು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ನಿಧಾನವಾದ ಅಲೆಯನ್ನು ಎಬ್ಬಿಸಲು ದೊಡ್ಡ ಸ್ಪೀಕರ್ ಬೇಕು. ಬಹಳಷ್ಟು ಗಾಳಿಯನ್ನು ತಳ್ಳಬೇಕು. ನಮ್ಮ ಟ್ರಾನ್ಸಿಸ್ಟರಿನ ಅಂಗೈಯಗಲದ ಸ್ಪೀಕರಿಗೆ ಅದು ಸಾಧ್ಯವಿಲ್ಲ. ಆದರೂ ಹಾಡು ತಳವಿಲ್ಲದಂತೆ ನಮಗೇಕೆ ಅನಿಸಲಿಲ್ಲ? ಇಲ್ಲಿದೆ ನೋಡಿ ಕಿವಿಯ ಸೋಜಿಗ. 41ರ ತಂತಿ ನುಡಿದಾಗ ಅದರೊಡನೆ 82, 123, 164 ಹೀಗೆ ಅದರ ಮಡಿಗಳಾದ ಕಂಪನಗಳೂ ಹುಟ್ಟುತ್ತವೆ. ಸಣ್ಣ ಸ್ಪೀಕರ್ ಮೇಲಿನವುಗಳನ್ನಷ್ಟೇ ಕೊಡುತ್ತದೆ. ಮಿದುಳು ಅವುಗಳ ಅಂತರವನ್ನು ಲೆಕ್ಕಹಾಕಿ, ಬಾರದ ಮೂಲಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಅಂದರೆ ನಮ್ಮ ಅಜ್ಜಿಯರು ಗಿರಣಿಕೂಟದಲ್ಲಿ ಜೋಳ ಬೀಸಿಸಿಕೊಂಡು ಬಂದು ರೇಡಿಯೋ ಮುಂದೆ ಕುಳಿತಾಗ, ಚರಣಜಿತರ ಅಥವಾ ಟೋನಿ ವಾಝರ ತಂತಿಯ ಅರ್ಧವನ್ನು ಕೇಳುತ್ತಿದ್ದರು, ಉಳಿದರ್ಧವನ್ನು ತಾವೇ ನುಡಿಸಿಕೊಳ್ಳುತ್ತಿದ್ದರು. ಪೂರ್ತಿ ಕೇಳಬೇಕಾದರೆ ಸೊಲ್ಲಾಪುರದ ಚಿತ್ರಮಂದಿರಕ್ಕೇ ಹೋಗಬೇಕಿತ್ತು.

ಹಾಗೆ ಹೋಗಿ ಪೂರ್ತಿ ಕೇಳಿಬಂದ ಒಬ್ಬರು ನಮ್ಮ ಮನೆತನದಲ್ಲಿದ್ದಾರೆ. ನನ್ನ ಸೋದರಮಾವ. ಮಂಗಳವೇಢೆ ತಾಲೂಕಿನ ಮರವಡೆಯವರು. ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಓದಿ, ಹರೆಯದಲ್ಲಿ ಸೊಲ್ಲಾಪುರಕ್ಕೆ ಬಂದು ಒಂದು ಬಟ್ಟೆಯ ಗಿರಣಿಯಲ್ಲಿ ನೇಯ್ಗೆಯ ಖಾತೆಗೆ ಸೇರಿದರು. ಹಗಲು ಗಿರಣಿಯ ಭೋಂಗಾ, ರಾತ್ರಿ ಆರ್ಕೆಸ್ಟ್ರಾ. ಮದುವೆ, ಗಣಪತಿ, ಜಾತ್ರೆ ಎಂದು ಸೊಲ್ಲಾಪುರ, ಅಕ್ಕಲಕೋಟೆ, ಇಂಡಿ, ವಿಜಾಪುರದವರೆಗೆ ಟೆಂಪೋದಲ್ಲಿ ಹೋಗುತ್ತಿದ್ದ ಆ ಮೇಳದಲ್ಲಿ ಮಾವನ ಕೈಯಲ್ಲಿ ಕಲ್ಕತ್ತೆಯಲ್ಲಿ ತಯಾರಾದ ಒಂದು ಬೇಸ್ ಗಿಟಾರ್ ಇರುತ್ತಿತ್ತು. ಗುರುವಿಲ್ಲ, ಸ್ವರಲಿಪಿಯಿಲ್ಲ. ಚಿತ್ರಮಂದಿರದಲ್ಲಿ ಅಗ್ಗದ ಟಿಕೆಟು ತೆಗೆದು ಸ್ಪೀಕರಿನ ಬದಿಯ ಬೆಂಚಿನಲ್ಲಿ ಕುಳಿತು, ಒಂದೇ ಚಿತ್ರವನ್ನು ನಾಲ್ಕೈದು ಸಲ ನೋಡಿ, ಅಲ್ಲ, ಕೇಳಿ, ಬೆರಳುಗಳಲ್ಲಿ ತುಂಬಿಕೊಂಡು ಬರುತ್ತಿದ್ದರಂತೆ. ನಾನು ಚಿಕ್ಕವನಿದ್ದಾಗ ವೇದಿಕೆಯ ಹಿಂಬದಿಯಲ್ಲಿ, ಆಹುಜಾ ಪೆಟ್ಟಿಗೆಯ ಪಕ್ಕದಲ್ಲಿ ನಿಂತಿರುತ್ತಿದ್ದ ಅವರ ಆಕೃತಿ ನೆನಪಿದೆ. ದೀಪವೆಲ್ಲ ಹಾಡುವವರ ಮೇಲೆ. ಗಿರಣಿ ನಿಂತ ವರ್ಷ ಮಗಳ ಲಗ್ನವೂ ಬಂದು, ಗಿಟಾರು ಮಾರಾಟವಾಯಿತು. ಮಾವ ಊರಿಗೆ ಮರಳಿ ಜೋಳದ ಹೊಲ ಹಿಡಿದರು. ಆ ನಂತರ ಅವರ ಬಾಯಿಂದ ಸಂಗೀತದ ಮಾತು ಕೇಳಿದವರಿಲ್ಲ, ಕೇಳಿದವರೂ ಇರಲಿಲ್ಲವೆನ್ನಿ.

ಈಗ ಮಾವನಿಗೆ ಕಿವಿ ಮಂದವಾಗಿದೆ. ಮಗ್ಗಗಳ ಖಾತೆಯಲ್ಲಿ ಎರಡೂವರೆ ದಶಕ ನಿಂತವರಲ್ಲಿ ಹಲವರ ಗತಿ ಇದೇ. ಡಾಕ್ಟರರು ನನಗೆ ಚಿತ್ರ ಬರೆದು ವಿವರಿಸಿದರು. ಕಿವಿಯ ಒಳಗೆ ಶಂಖದಂತೆ ಸುರುಳಿಯಾದ ನಾಳವಿದೆ. ಅದರ ಬಾಗಿಲ ಬಳಿಯ ಸೂಕ್ಷ್ಮ ರೋಮಕೋಶಗಳು ಎತ್ತರದ ಸ್ವರಗಳನ್ನೂ, ಸುರುಳಿಯ ತುದಿಯಲ್ಲಿರುವವು ತಗ್ಗಿನ ಸ್ವರಗಳನ್ನೂ ಹಿಡಿಯುತ್ತವೆ. ಸದ್ದಿನ ಪೆಟ್ಟು ಮೊದಲು ತಗಲುವುದು ಸೆಕೆಂಡಿಗೆ 4000ದ ಆಸುಪಾಸಿನ ಕಂಪನಗಳನ್ನು ಹಿಡಿಯುವ ಕೋಶಗಳಿಗೆ. ವಯಸ್ಸು ಅಳಿಸುವುದೂ ಮೊದಲು ಮೇಲಿನದನ್ನೇ. ಮಾತಿನಲ್ಲಿ ಸಕಾರ, ಶಕಾರ, ತಕಾರಗಳಂಥ ವ್ಯಂಜನಗಳು ಎತ್ತರದಲ್ಲಿರುತ್ತವೆ, ಸ್ವರಾಕ್ಷರಗಳು ತಗ್ಗಿನಲ್ಲಿ. ಆದ್ದರಿಂದ ಇಂಥವರಿಗೆ ಧ್ವನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಮಾವನ ಭಾಷೆಯಲ್ಲಿಯೇ ಹೇಳುವುದಾದರೆ, “ದನಿ ಬರತದೋ ಅಳಿಯಾ, ಶಬ್ದ ಬರಂಗಿಲ್ಲ.” ಶ್ರವಣಯಂತ್ರ ತಂದುಕೊಟ್ಟರು, ಅದು ತಾಟು-ಚಮಚೆಯ ಸದ್ದನ್ನೇ ದೊಡ್ಡದು ಮಾಡುತ್ತದೆಂದು ಕಪಾಟಿನಲ್ಲಿಟ್ಟಿದ್ದಾರೆ. ಮೊಮ್ಮಕ್ಕಳು ಎರಡು ಸಲ ಹೇಳಿ ಬೇಸತ್ತು ಹೊರಗೆ ಓಡುತ್ತಾರೆ. ಎಲ್ಲರಿರುವ ಮನೆಯಲ್ಲಿ ಒಬ್ಬರೇ ಕುಳಿತಿರುವುದನ್ನು ಅವರು ರೂಢಿಸಿಕೊಂಡಿದ್ದರು.

“ಅಜ್ಜನಿಗೆ ಮೇಲಿನದು ಹೋಗಿದ್ದರೆ ಕೆಳಗಿನದು ಇರಬೇಕಲ್ಲ?” ಎಂದವಳು ನನ್ನ ಮಗಳೇ. ವಿಜ್ಞಾನದ ಪುಸ್ತಕದ ಧ್ವನಿಯ ಪಾಠ ಅವಳಿಗೆ ಆಗ ತಾನೇ ಮುಗಿದಿತ್ತು. ದೀಪಾವಳಿಯ ರಜೆಯಲ್ಲಿ ನೆರೆಯವರ ಒಂದು ಸ್ಪೀಕರ್ ಪೆಟ್ಟಿಗೆಯನ್ನು ಕೇಳಿ ತಂದು, ಹಳೆಯ ಧೋತರದಲ್ಲಿ ಸುತ್ತಿ, ಸೊಲ್ಲಾಪುರ, ಮಂಗಳವೇಢೆ ಎಂದು ಎರಡು ಬಸ್ಸು ಬದಲಿಸಿ ಮರವಡೆಗೆ ಹೋದೆವು. ಹಿಂಗಾರಿಯ ಜೋಳ ಮೊಣಕಾಲೆತ್ತರ ಬಂದಿತ್ತು. ಪಡಸಾಲೆಯಲ್ಲಿ ಹೊರಸಿನ ಮೇಲೆ ಮಾವ ಕುಳಿತಿದ್ದರು. ಪೆಟ್ಟಿಗೆಯನ್ನು ಹೊರಸಿನ ಮೇಲೆಯೇ ಇಟ್ಟು, ಅವರ ಅಂಗೈಯನ್ನು ಅದರ ಮೇಲಿರಿಸಿ, ಮಗಳು ಯಮನವನ್ನು ಹಚ್ಚಿದಳು.

ಅರ್ಧ ನಿಮಿಷ ಏನೂ ಆಗಲಿಲ್ಲ. ಬಳಿಕ ಅವರ ಎಡಗೈ ತೊಡೆಯ ಮೇಲೆ ಬಂದಿತು. ನಾಲ್ಕು ಬೆರಳುಗಳು ಇಲ್ಲದ ತಂತಿಯ ಮೇಲೆ ಒಂದೊಂದಾಗಿ ಊರತೊಡಗಿದವು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟರು. ಮೇಲಿನ ರಾಗ ಅವರಿಗೆ ಎಷ್ಟು ತಲುಪುತ್ತಿತ್ತೋ, ಕೆಳಗಿನ ಓಟ ಮಾತ್ರ ತಪ್ಪದೆ ತಲುಪುತ್ತಿತ್ತು. ಅದು ತಿರುಗಿದಲ್ಲಿ ಬೆರಳು ತಿರುಗುತ್ತಿತ್ತು. ಹಾಡು ಮುಗಿಯುವ ಮೊದಲೇ ಅವರು ಕೈಯೆತ್ತಿದರು.

“ಇದು ಮನಶ್ಯಾ ಬಾರಸೂದಲ್ಲೋ ಅಳಿಯಾ. ಪೆಟಗಿ ಅದ ಇದು. ಉಸರ ಎಲ್ಲದ ಇದಕ್ಕ?”

ಅವರು ಹಿಡಿದದ್ದು ಸರಿಯೇ. ಚರಣಜಿತ್ ಸಿಂಗ್ ಈ ತಟ್ಟೆಯನ್ನು ಮುದ್ರಿಸಿದ್ದು 1982ರಲ್ಲಿ. ಜಪಾನಿನ ರೋಲಾಂಡ್ ಕಂಪನಿಯು ಆಗಷ್ಟೇ ಹೊರತಂದಿದ್ದ ಮೂರು ಯಂತ್ರಗಳನ್ನು ಜೋಡಿಸಿಕೊಂಡಿದ್ದರು: ತಾಳಕ್ಕೆ ಟಿಆರ್-808, ರಾಗಕ್ಕೆ ಜುಪಿಟರ್-8 ಎಂಬ ಸಿಂಥಸೈಜರ್, ತಳಕ್ಕೆ ಟಿಬಿ-303. ಈ ಮೂರನೆಯ ಯಂತ್ರದ ಹುಟ್ಟೇ ವಿಚಿತ್ರ. ಅದರ ಹೆಸರಿನ ಟಿಬಿ ಎಂದರೆ ಟ್ರಾನ್ಸಿಸ್ಟರ್ ಬೇಸ್. ಒಂಟಿಯಾಗಿ ಗಿಟಾರ್ ಅಭ್ಯಾಸ ಮಾಡುವವನಿಗೆ ಬೇಸ್ ವಾದಕನಿಲ್ಲದಿದ್ದರೂ ನಡೆಯಲಿ ಎಂದು ಮಾಡಿದ ಪುಟ್ಟ ಪೆಟ್ಟಿಗೆ ಅದು. ನಿಜವಾದ ಬೇಸ್ ಗಿಟಾರಿನ ಧ್ವನಿ ಅದಕ್ಕೆ ಬರಲೇ ಇಲ್ಲ. ಯಾರೂ ಕೊಳ್ಳದೆ 1984ರಲ್ಲಿ ಕಂಪನಿ ಅದನ್ನು ನಿಲ್ಲಿಸಿತು. ಮುಂದೆ ಶಿಕಾಗೋ ನಗರದ ಹುಡುಗರು ಹಳೆಯ ಸಾಮಾನಿನಲ್ಲಿ ಅದನ್ನು ಅಗ್ಗಕ್ಕೆ ಕೊಂಡು, ಗುಂಡಿಗಳನ್ನು ಬೇಕಾದಂತೆ ತಿರುವಿ, ಹಿಂದೆಂದೂ ಕೇಳದ ನಾದ ಹೊರಡಿಸಿದರು. 1987ರಲ್ಲಿ ಅವರ ತಟ್ಟೆಯೊಂದು ಬಂದಿತು; ಆ ಬಗೆಗೆ ‘ಆಸಿಡ್ ಹೌಸ್’ ಎಂಬ ಹೆಸರಾಯಿತು. ಅದಕ್ಕೆ ಐದು ವರ್ಷ ಮೊದಲೇ, ಅದೇ ಯಂತ್ರದಿಂದ, ಅಂಥದೇ ನಾದವನ್ನು ಮುಂಬಯಿಯ ಒಬ್ಬ ಬೇಸ್ ಗಿಟಾರ್ ವಾದಕ ರಾಗಗಳಿಗಾಗಿ ಹೊರಡಿಸಿ ಆಗಿತ್ತು. ಚಿತ್ರಗಳಲ್ಲಿ ಡಿಸ್ಕೋ ಹಾವಳಿ ನಡೆದಿದ್ದ ಕಾಲದಲ್ಲಿ, ತಬಲಾ ತೆಗೆದು ಆ ತಾಳಕ್ಕೆ ರಾಗ ಕೂಡಿಸಿ ನೋಡೋಣವೆಂಬುದಷ್ಟೇ ಅವರ ವಿಚಾರ. ತಟ್ಟೆ ಮಾರಾಟವಾಗಲಿಲ್ಲ. 2002ರಲ್ಲಿ ಎಡೋ ಬೌಮನ್ ಎಂಬ ಡಚ್ ಸಂಗ್ರಾಹಕನಿಗೆ ದಿಲ್ಲಿಯ ಹಳೆಯ ಅಂಗಡಿಯಲ್ಲಿ ಅದು ಸಿಕ್ಕಿತು. ಆತ ಮುಂಬಯಿಗೆ ಬಂದು ವಾದಕರನ್ನು ಹುಡುಕಿ, 2010ರಲ್ಲಿ ಅದನ್ನು ಮರುಮುದ್ರಿಸಿದ. ಪಶ್ಚಿಮದವರಲ್ಲಿ ಕೆಲವರು, ಇದು ಈಚೆಗೆ ಯಾರೋ ಮಾಡಿದ ನಕಲಿ ಎಂದೇ ಸಂಶಯಪಟ್ಟರು. ಎಪ್ಪತ್ತು ದಾಟಿದ ಚರಣಜಿತ್ ಯುರೋಪಿನ ವೇದಿಕೆಗಳಲ್ಲಿ ಕುಳಿತು ನುಡಿಸಿದ ಮೇಲೆ ಸಂಶಯ ಕಳೆಯಿತು. 2015ರ ಜುಲೈ 5ರಂದು ಅವರು ತೀರಿಕೊಂಡರು.

ಇಷ್ಟನ್ನೂ ಮಾವನಿಗೆ ಹೇಳುವುದು ಸುಲಭವಿರಲಿಲ್ಲ. ಮಗಳು ಒಂದು ವಹಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ಬರೆದು ತೋರಿಸಿದಳು. ಅವರು ಕನ್ನಡಕ ಏರಿಸಿ ಪ್ರತಿಯೊಂದು ಸಾಲನ್ನೂ ತುಟಿಯಾಡಿಸಿ ಓದಿದರು. ಯಂತ್ರದ ಭಾಗ ಬಂದಾಗ ಅವರ ಮುಖ ಬಿಗಿಯಿತು. ಬೇಸ್ ಬಾರಿಸುವವನೇ ಬೇಸಿನ ಕೆಲಸವನ್ನು ಪೆಟ್ಟಿಗೆಗೆ ಕೊಟ್ಟನೇ, ಇದು ಹೇಗೆ ಸರಿ ಎಂಬುದು ಅವರ ವಾದ. ಕೈಮಗ್ಗ ಹೋಗಿ ಗಿರಣಿ ಬಂದುದನ್ನು ಅವರ ತಂದೆ ಕಂಡಿದ್ದರು. ಗಿರಣಿ ಹೋಗಿ ಮನೆಮನೆಗೆ ಪವರ್‌ಲೂಮ್ ಬಂದುದನ್ನು ಅವರು ಕಂಡಿದ್ದಾರೆ. ಯಂತ್ರವನ್ನು ಕೊಂಡವನೇ ಅದರ ಒಡೆಯನಾಗಿದ್ದರೆ ಮಾತು ಬೇರೆ ಅಲ್ಲವೇ ಎಂದೆ ನಾನು. ಚರಣಜಿತ್ ಆ ಪೆಟ್ಟಿಗೆಗೆ ಪ್ರತಿಯೊಂದು ಸ್ವರವನ್ನೂ ತಾವೇ ಕೂಡಿಸಿ ಕೊಡಬೇಕಿತ್ತು. ತಳದ ಸ್ವರ ಎಲ್ಲಿ ನಿಲ್ಲಬೇಕು, ಎಲ್ಲಿ ಜಾರಬೇಕು ಎಂಬುದು ಬೇಸ್ ನುಡಿಸಿದ ಕೈಗೇ ಗೊತ್ತಿರುವಂಥದು. ಮಾವ ತಲೆಯಾಡಿಸಿದರು, ಒಪ್ಪಿದರೆಂದಲ್ಲ, ಓದಿದೆ ಎಂದು.

ಮಗಳು ಇನ್ನೊಂದು ಹಾಳೆ ತುಂಬಿಸಿದಳು. ಲ್ಯಾರಿ ಗ್ರಹಾಂ ಎಂಬ ಅಮೆರಿಕದ ಹುಡುಗ ತಾಯಿಯ ಮೇಳದಲ್ಲಿ ಬೇಸ್ ನುಡಿಸುತ್ತಿದ್ದ. ಡ್ರಮ್ ಬಾರಿಸುವವನು ಬಿಟ್ಟುಹೋದಾಗ, ಆ ಕೊರತೆ ತುಂಬಲು ಹೆಬ್ಬೆರಳಿನಿಂದ ತಂತಿಯನ್ನು ಹೊಡೆದು, ತೋರುಬೆರಳಿನಿಂದ ಎಳೆದುಬಿಡುವ ಒಂದು ರೀತಿಯನ್ನು ಕಂಡುಕೊಂಡ. ಎಪ್ಪತ್ತರ ಮೊದಲಿಗೆ ಆತ ಸ್ಲೈ ಅಂಡ್ ದ ಫ್ಯಾಮಿಲಿ ಸ್ಟೋನ್ ಎಂಬ ಪ್ರಖ್ಯಾತ ಮೇಳದಲ್ಲಿದ್ದ. ಇಂದು ಜಗತ್ತಿನ ಅನೇಕ ಬೇಸ್ ವಾದಕರು ಆ ರೀತಿಯನ್ನು ಕಲಿಯುತ್ತಾರೆ. ಇದನ್ನು ಓದಿ ಮಾವ ಬಹಳ ದಿನಗಳ ನಂತರ ಗಟ್ಟಿಯಾಗಿ ನಕ್ಕರು. ಇಂಡಿಯ ಜಾತ್ರೆಯಲ್ಲಿ ಒಮ್ಮೆ ತಮ್ಮ ಮೇಳದ ಡ್ರಮ್ಮಿನವನು ಕುಡಿದು ಟೆಂಪೋದಲ್ಲಿಯೇ ಮಲಗಿಬಿಟ್ಟಿದ್ದನಂತೆ. ರಾತ್ರಿಯಿಡೀ ತಾವೂ ಹೆಬ್ಬೆರಳಿನಿಂದಲೇ ಬಡಿದು ಸಾಗಿಸಿದರಂತೆ. “ಬಳ್ಳು ಬಾತು ಎಂಟ ದಿನಾ ಗಿರಣ್ಯಾಗ ನೂಲ ಗಂಟ ಹಾಕಲಿಕ್ಕ ಬರಲಿಲ್ಲ. ನಂಗೇನ ಗೊತ್ತ, ಅದಕ್ಕ ಹೆಸರ ಅದ ಅಂತ!”

ಹಾಗಾದರೆ ಹಾಡುವವರಷ್ಟು ಹೆಸರು ನಿಮಗೇಕೆ ಬರಲಿಲ್ಲ, ಬೇಸರವಾಗಲಿಲ್ಲವೇ ಅಜ್ಜಾ ಎಂದು ಅವಳು ಬರೆದು ಕೇಳಿದಳು. ಮಕ್ಕಳು ನಾವು ಕೇಳಲು ಹಿಂಜರಿಯುವುದನ್ನು ನೇರವಾಗಿ ಕೇಳಿಬಿಡುತ್ತಾರೆ. ಮಾವ ಸ್ವಲ್ಪ ಹೊತ್ತು ವಹಿಯನ್ನೇ ನೋಡುತ್ತ ಕುಳಿತರು.

“ಹಾಡಾಂವ ತಪ್ಪಿದ್ರ ಮಂದಿ ನಗತಾರವ್ವಾ. ನಾ ತಪ್ಪಿದ್ರ ಹಾಡಾಂವ ತಪ್ಪತಾನ.”

ಬೇಸರದ ಪ್ರಶ್ನೆಗೆ ಅವರು ಉತ್ತರ ಕೊಡಲಿಲ್ಲವೆಂಬುದನ್ನು ನಾನು ಗಮನಿಸಿದೆ, ಮಗಳೂ ಗಮನಿಸಿದಳು. ಆಕೆ ಮತ್ತೆ ಬರೆಯಲಿಲ್ಲ. ‘ದಮ್ ಮಾರೋ ದಮ್’ ಹಚ್ಚಿದಳು. ಈ ಸಲ ಮಾವ ತಾವೇ ಅಂಗೈ ಇಟ್ಟರು. ಬೆರಳುಗಳಿಗೆ ಹುಡುಕಾಟವೇ ಬೇಕಾಗಲಿಲ್ಲ. ಗಿಟಾರು ಮಾರಿ ಎಷ್ಟೋ ವರ್ಷಗಳಾದ ಕೈ ಅದು. ಅಂಗಳದಲ್ಲಿ ಆಡುತ್ತಿದ್ದ ಮೊಮ್ಮಕ್ಕಳು ಬಂದು, ಅಜ್ಜನ ಕೈಯ ಪಕ್ಕದಲ್ಲಿ ತಮ್ಮ ಕೈಗಳನ್ನೂ ಪೆಟ್ಟಿಗೆಯ ಮೇಲಿಟ್ಟವು. ಅದರಲ್ಲಿ ಸಣ್ಣವನು, ಡಾಲ್ಬಿಗೆ ಹೆದರುವವನು, ಮೊದಲು ಒಂದು ಬೆರಳಿಟ್ಟು ನೋಡಿ ಆಮೇಲೆ ಅಂಗೈ ಇಟ್ಟ.

ಸಂಜೆಯ ಬಸ್ಸಿಗೆ ಹೊರಡುವಾಗ ಪೆಟ್ಟಿಗೆಯನ್ನು ಧೋತರದಲ್ಲಿ ಸುತ್ತುತ್ತಿದ್ದೆವು. ಮಾವ ಮಗಳನ್ನು ಕರೆದು, ಆ ಮನುಷ್ಯನ ಹೆಸರನ್ನು ಬೇರೆ ಹಾಳೆಯ ಮೇಲೆ ಬರೆದುಕೊಡು ಎಂದರು. ಆಕೆ ದುಂಡಗೆ ‘ಚರಣಜಿತ್ ಸಿಂಗ್’ ಎಂದು ಬರೆದಳು. “ಇನ್ನೊಬ್ಬಾಂವ?” ಎಂದರು. ಅದರ ಕೆಳಗೆ ‘ಟೋನಿ ವಾಝ್’ ಎಂದು ಬರೆದಳು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಗೂಟಕ್ಕೆ ತೂಗಹಾಕಿದ್ದ ಪಂಚಾಂಗದೊಳಗೆ ಇಟ್ಟುಕೊಂಡರು. ಬಸ್ಸು ಬರುವವರೆಗೆ ನಿಲ್ದಾಣದಲ್ಲಿ ನಮ್ಮೊಡನೆ ನಿಂತವರು, ಈ ಸ್ಪೀಕರಿಗೆ ಎಷ್ಟು ಬೀಳುತ್ತದೆಂದು ಎರಡು ಸಲ ಕೇಳಿದರು.